ಏಳನೆಯ ಡಬ್ಬಿ

ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುವವಳ ಬಲಗೈಯಲ್ಲಿ ಕೂದಲು ಹುಟ್ಟುತ್ತಿರಲಿಲ್ಲ. ಆವಿ ತಾಗಿ ತಾಗಿ ಮಣಿಕಟ್ಟಿನಿಂದ ಮೊಣಕೈವರೆಗೂ ಚರ್ಮ ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗಾಗಿತ್ತು. ದೊಡ್ಡ ಹೋಟೆಲುಗಳಲ್ಲಿ ಯಾರೋ ಮಲಗಿ ಎದ್ದುಹೋದ ದುಪ್ಪಟಿಗಳು ಅಲ್ಲಿಗೆ ಮೂಟೆ ಮೂಟೆಯಾಗಿ ಬರುತ್ತಿದ್ದವು. ಅವನ್ನು ಹಾಲಿನ ಹಾಗೆ ಬೆಳ್ಳಗೆ ಮಾಡಿ ಕಳಿಸುವ ಇವಳು ಮನೆಯಲ್ಲಿ ಗೋಣಿಚೀಲದ ಮೇಲೆ ಮಲಗುತ್ತಿದ್ದಳು. ಇದ್ದ ಒಂದು ಹಾಸಿಗೆ ಅತ್ತೆಗೆ.

ಗಂಡ ಸತ್ತ ಮೇಲೆ ಆ ಕೋಣೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ನಾಲಿಗೆಗೆ ಮಾತ್ರ ಯಾವ ಪೊರೆಯೂ ಬಂದಿರಲಿಲ್ಲ.

ಕಾರ್ಖಾನೆಯ ಧಣಿಯ ಹೆಂಡತಿಗೆ ಒಮ್ಮೆ ಬಡವರನ್ನು ಉದ್ಧಾರ ಮಾಡುವ ಮನಸ್ಸಾಯಿತು. ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರಿಗೆ ಆರು ಪ್ಲಾಸ್ಟಿಕ್ ಡಬ್ಬಿ ಹಂಚಿದರು. ಬಾಡಿಗೆಗೊಂದು, ದಿನಸಿಗೊಂದು, ಸೀಮೆಎಣ್ಣೆಗೆ, ಬಸ್ಸಿಗೆ, ಔಷಧಿಗೆ ಒಂದೊಂದು, ಕೊನೆಯದು ಉಳಿತಾಯಕ್ಕೆ. ಸಂಬಳ ಬಂದ ದಿನವೇ ಪಾಲು ಮಾಡಿ ಹಾಕಬೇಕು, ಒಂದರ ದುಡ್ಡು ಇನ್ನೊಂದಕ್ಕೆ ಮುಟ್ಟಬಾರದು ಎಂದರು. ಹೆಚ್ಚು ಉಳಿಸಿದವರಿಗೆ ಕುಕ್ಕರ್ ಬಹುಮಾನ.

ತಿಂಗಳು ಅರ್ಧವಾಗುವುದರೊಳಗೆ ಎಲ್ಲರ ಮನೆಯ ಡಬ್ಬಿಗಳಲ್ಲೂ ಉಪ್ಪು, ಗುಂಡಿ, ಸೂಜಿದಾರ ಸೇರಿಕೊಂಡವು. ಇಸ್ತ್ರಿಯವಳು ಮಾತ್ರ ಬಿಡಲಿಲ್ಲ. ಕೊನೆಯ ಡಬ್ಬಿ ತುಂಬಿದರೆ ಅತ್ತೆಯ ಕಣ್ಣಿನ ಆಪರೇಷನ್ ಆಗುತ್ತಿತ್ತು. ಬಸ್ಸು ಬಿಟ್ಟು ನಡೆದಳು. ಚಹಾಕ್ಕೆ ಹಾಲು ನಿಲ್ಲಿಸಿದಳು. ಉಂಡ ಕೂಡಲೇ ದೀಪ ಆರಿಸಿದಳು.

"ದೀಪ ಆರಿಸಿದ್ರೆ ನಂಗೇನು ಕಣೇ, ಹೇಗೂ ಕತ್ತಲೆ," ಎನ್ನುತ್ತಿದ್ದಳು ಅತ್ತೆ. "ನೀನು ಎಡವಿ ಬಿದ್ದು ಔಷಧಿ ಡಬ್ಬಿಗೆ ಕೈ ಹಾಕ್ಬೇಡ, ಅಷ್ಟೆ."

ಕುಕ್ಕರ್ ಅವಳಿಗೇ ಬಂತು. ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಹೇಗೆ ಉಳಿಸಿದೆ ಎಂದು ಕೇಳಿದರು. ಅವಳು ನಾಚುತ್ತಲೇ ಹೇಳಿದಳು. ಮುಂದೆ ಕುರ್ಚಿಯಲ್ಲಿ ಕೂತಿದ್ದ ಧಣಿ ಬಹಳ ಪ್ರೀತಿಯಿಂದ, ತಿಂಗಳಿಗೆ ಎಷ್ಟು ಮಿಗುತ್ತೆ ತಾಯಿ, ಎಂದು ಕೇಳಿದ. ಅದನ್ನೂ ಹೇಳಿದಳು. ಚಪ್ಪಾಳೆ ಬಿತ್ತು.

ಮುಂದಿನ ಸಂಬಳದಲ್ಲಿ ಎಲ್ಲರ ಲಕೋಟೆಯಲ್ಲೂ ಸರಿಯಾಗಿ ಅಷ್ಟೇ ದುಡ್ಡು ಕಡಿಮೆ ಇತ್ತು.

ಕೇಳಿದವರಿಗೆ ಮೇಸ್ತ್ರಿ ಹಲ್ಲು ಕಿಸಿದ. "ನಿಮ್ಮವಳೇ ಬೆಂಚು ಹತ್ತಿ ಹೇಳಿದ್ಲಲ್ಲ. ಅವಳಿಗೆ ಆಗುತ್ತೆ, ನಿಮಗ್ಯಾಕೆ ಆಗಲ್ಲ?"

ಅಂದಿನಿಂದ ಊಟಕ್ಕೆ ಅವಳ ಪಕ್ಕ ಯಾರೂ ಕೂರಲಿಲ್ಲ. ಬಟ್ಟೆ ಹಿಂಡುವ ಯಂತ್ರದ ಹತ್ತಿರ ಒಬ್ಬಳು ಎತ್ತರದ ಹೆಂಗಸಿದ್ದಳು. ಎಲ್ಲರೂ ಅವಳನ್ನು ಉದ್ದಮ್ಮ ಎನ್ನುತ್ತಿದ್ದರು. ಅವಳು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಕುಕ್ಕರಲ್ಲಿ ಏನು ಬೇಯಿಸ್ತಿದ್ದೀಯಕ್ಕ? ನಮ್ಮ ಮಕ್ಕಳ ಊಟಾನಾ?"

ಇಸ್ತ್ರಿಯವಳು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತಳು. ಅತ್ತೆ ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಅಳೋಕೂ ಒಂದು ಡಬ್ಬಿ ಇಟ್ಟಿದ್ದೀಯೇನೇ?"

"ಇಲ್ಲ ಅತ್ತೆ."

"ಮತ್ಯಾಕೆ ಖರ್ಚು ಮಾಡ್ತೀಯ? ಸಿಟ್ಟು ಕೂಡಿಡು."

ಆ ಮಾತು ಅವಳೊಳಗೆ ಕೂತುಬಿಟ್ಟಿತು. ಇಸ್ತ್ರಿ ಉಜ್ಜುತ್ತ ಉಜ್ಜುತ್ತ ಅದನ್ನೇ ಮೆಲುಕು ಹಾಕಿದಳು. ಆಮೇಲೆ ಕುಕ್ಕರ್ ಮಾರಿದಳು. ಆ ದುಡ್ಡನ್ನೂ, ಅತ್ತೆಯನ್ನು ಕೇಳಿಯೇ ಕಣ್ಣಿನ ದುಡ್ಡನ್ನೂ, ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ ಊಟದ ಹೊತ್ತಿಗೆ ಉದ್ದಮ್ಮನ ಮುಂದಿಟ್ಟಳು.

"ನಾವು ಎಷ್ಟು ದಿನ ಉಪವಾಸ ಇರಬಲ್ಲೆವು ಅಂತ ಧಣಿಗೆ ಗೊತ್ತು. ನಾನೇ ಹೇಳಿಕೊಟ್ಟೆ," ಎಂದಳು. "ಇದೊಂದು ಡಬ್ಬಿ ಅವನಿಗೆ ಗೊತ್ತಿಲ್ಲ. ಇದನ್ನ ತುಂಬಿಸೋಣ. ತುಂಬಿದ ದಿನ ಕೈ ಕಟ್ಟಿ ಕೂರೋಣ."

ಉದ್ದಮ್ಮ ಡಬ್ಬಿಯನ್ನು ನೋಡಿದಳು, ಅವಳ ಸುಟ್ಟ ಕೈಯನ್ನು ನೋಡಿದಳು. ಸೆರಗಿನ ಗಂಟು ಬಿಚ್ಚಿ ಅಂದಿನ ಬಸ್ಸಿನ ದುಡ್ಡು ಅದಕ್ಕೆ ಹಾಕಿ, ಸಂಜೆ ನಡೆದು ಹೋದಳು.

ಒಬ್ಬೊಬ್ಬರಾಗಿ ಸೇರಿದರು. ಸಂಬಳ ಕೈಗೆ ಬಂದರೆ ಮೊದಲು ಏಳನೆಯ ಡಬ್ಬಿ, ಆಮೇಲೆ ಉಳಿದ ಆರು. ಸೀಮೆಎಣ್ಣೆ ಉಳಿಸಲು ನಾಲ್ಕು ಮನೆಗೆ ಒಂದೇ ಒಲೆ ಮಾಡಿದರು. ಬೀಡಿ ಬಿಡಲಾರದ ಮೂಟೆ ಹೊರುವವನು ಒಂದು ಬೀಡಿಯನ್ನೇ ಮುರಿದು ಎರಡು ಹೊತ್ತು ಸೇದಿದ. ದಿನಸಿ ದುಡ್ಡು ಮೀರಿದ ಮನೆಯವಳನ್ನು ಉದ್ದಮ್ಮ ಎಲ್ಲರೆದುರು ಬೈದು, ಮಾರನೆಯ ದಿನ ತಾನೇ ಅವಳಿಗೆ ಕಾಳು ಕೊಟ್ಟಳು. ಎಲ್ಲರೂ ಸಾಲಾಗಿ ನಡೆದು ಬರುವುದನ್ನು ಕಂಡು, ಅಮ್ಮಾವ್ರ ಪಾಠ ಈಗ ತಲೆಗೆ ಹತ್ತಿದೆ ಎಂದು ಮೇಸ್ತ್ರಿ ಧಣಿಗೆ ವರದಿ ಒಪ್ಪಿಸಿದ.

ಡಬ್ಬಿ ತುಂಬಿದ ಮೇಲೆ ಕೆಲವರಿಗೆ ತಡೆಯಲಾಗಲಿಲ್ಲ. ಇವತ್ತೇ ನಿಲ್ಲಿಸಿಬಿಡೋಣ ಎಂದರು. ಇಸ್ತ್ರಿಯವಳು ಬೇಡ ಎಂದಳು. ಮಳೆ ಹಿಡಿಯಲಿ, ದೊಡ್ಡ ಹೋಟೆಲಿನಲ್ಲಿ ಸಮ್ಮೇಳನ ಬರಲಿ, ಅಲ್ಲಿಯವರೆಗೂ ತುಟಿ ಬಿಚ್ಚಬೇಡಿ ಎಂದಳು.

ಎರಡೂ ಒಟ್ಟಿಗೇ ಬಂದವು. ಹೋಟೆಲಿನ ದುಪ್ಪಟಿ, ದಿಂಬಿನ ಚೀಲ, ಮೇಜಿನ ಬಟ್ಟೆ ಎಲ್ಲವನ್ನೂ ಚೆನ್ನಾಗಿ ಒಗೆದರು, ಚೆನ್ನಾಗಿ ಹಿಂಡಿದರು. ಒದ್ದೆ ಬಟ್ಟೆ ಮಾಡಿನವರೆಗೆ ರಾಶಿ ಬಿದ್ದ ಮೇಲೆ ಯಂತ್ರ ನಿಲ್ಲಿಸಿ, ಗೇಟಿನಾಚೆ ತಗಡಿನ ಚಪ್ಪರದ ಕೆಳಗೆ ಒಲೆ ಹೂಡಿ ಕೂತರು. ಇಸ್ತ್ರಿಯವಳು ಅತ್ತೆಯನ್ನೂ ಕೈಹಿಡಿದು ಕರೆತಂದಳು.

ಧಣಿ ಮೊದಲು ನಕ್ಕ. ಒಲೆ ಆರಿದರೆ ತಾವೇ ಬರುತ್ತಾರೆ ಎಂದ. ಒಲೆ ಆರಲಿಲ್ಲ. ಹೊರಗಿನ ಕೂಲಿಯವರನ್ನು ಕರೆಸಿದ. ಅವರು ಗೇಟಿನಲ್ಲಿ ಕೂತವರ ಜೊತೆ ಒಂದು ಲೋಟ ಚಹಾ ಕುಡಿದು ವಾಪಸ್ಸು ಹೋದರು. ಆಮೇಲೆ ಒಳಗಿನಿಂದ ಮುಗ್ಗಲು ನಾತ ಹೊರಟಿತು. ಬಿಳಿ ಬಟ್ಟೆಯ ಮೇಲೆ ಕರಿಚುಕ್ಕೆ ಏಳತೊಡಗಿತು. ಹೋಟೆಲಿನವನು ಕಾರಿನಲ್ಲಿ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ಧಣಿಯ ಮೇಲೆ ಕೂಗಾಡಿ ಹೋದ.

ಅವತ್ತು ಧಣಿ ತಾನೇ ಗೇಟಿಗೆ ಬಂದ. ಮಾತು ಮೆತ್ತಗಿತ್ತು. ಮುಂದಿನ ತಿಂಗಳಿಂದ ಕಡಿತ ಇಲ್ಲ, ಈಗ ಎದ್ದು ಒಳಗೆ ಬನ್ನಿ ಎಂದ.

ಇಸ್ತ್ರಿಯವಳು ಕೂತಲ್ಲಿಂದಲೇ ಹೇಳಿದಳು: "ಮುಂದಿಂದು ಸರಿ. ಹಿಂದೆ ಕಡಿದಿದ್ದೂ ಕೊಡಿ. ಇಲ್ಲಿ ಕೂತ ದಿನದ ಕೂಲೀನೂ ಕೊಡಿ."

"ಅಷ್ಟೊಂದು ನಾನೆಲ್ಲಿಂದ ತರಲಿ?"

"ಹೊಂದಿಸ್ಕೊಳ್ಳಿ ಧಣಿ. ಮೊದಮೊದಲು ಕಷ್ಟ ಅನ್ಸುತ್ತೆ. ರೂಢಿ ಆಗುತ್ತೆ."

ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಧಣಿಯ ಮುಖ ಕಪ್ಪಿಟ್ಟಿತು. ಅರ್ಧ ಕೊಡುತ್ತೇನೆ ಎಂದ. ಬಟ್ಟೆಯನ್ನಾದರೂ ಹರಡಿ, ಆಮೇಲೆ ಮಾತಾಡೋಣ ಎಂದು ಕೈಮುಗಿಯುವಷ್ಟಕ್ಕೆ ಇಳಿದ. ಒಬ್ಬಿಬ್ಬರು ಏಳಲೋ ಬೇಡವೋ ಎಂದು ಇಸ್ತ್ರಿಯವಳ ಕಡೆ ನೋಡಿದರು.

ಅಷ್ಟರಲ್ಲಿ ಅತ್ತೆ ಕುರುಡು ಮುಖವನ್ನು ಕಾರ್ಖಾನೆಯ ಕಡೆ ತಿರುಗಿಸಿ, ಮೂಗರಳಿಸಿ ಉಸಿರೆಳೆದಳು.

"ಯಾರೂ ಏಳ್ಬೇಡಿ," ಎಂದಳು. "ಇನ್ನೂ ಪೂರ್ತಿ ಮುಗ್ಗಿಲ್ಲ. ನಾಳೆವರೆಗೂ ಬಿಡಿ."

ಉದ್ದಮ್ಮ ಒಲೆಯೊಳಗೆ ಇನ್ನೊಂದು ಸೌದೆ ನೂಕಿದಳು.