ಕಿಟಕಿಗೆ ಕಟ್ಟಿದ ಕಂಬಳಿ

ಗುರುಶಾಂತಮ್ಮನ ಬಾಯಿಗೆ ಅಜ್ಜಂಪುರದಲ್ಲಿ ಎದುರಿರಲಿಲ್ಲ. ಅವಳು ಬರುವುದನ್ನು ಕಂಡರೆ ಈರುಳ್ಳಿ ವ್ಯಾಪಾರಿಗಳು ತಾವಾಗಿಯೇ ತಕ್ಕಡಿ ಸರಿಮಾಡಿಕೊಳ್ಳುತ್ತಿದ್ದರು. ಐದು ಹೆತ್ತು ಐದನ್ನೂ ಉಳಿಸಿಕೊಂಡವಳು. ಬಾಣಂತನದ ಮಾತು ಬಂದರೆ ಸೂಲಗಿತ್ತಿ ಹುಲಿಯಮ್ಮನಿಗೇ ಬುದ್ಧಿ ಹೇಳುತ್ತಿದ್ದಳು. ಅಂಥ ಹೆಂಗಸು ಎಂಬತ್ತಮೂರನೆಯ ಇಸವಿಯ ಒಂದು ಬೆಳಿಗ್ಗೆ ಪಟ್ಟಣದ ಆಸ್ಪತ್ರೆಯಲ್ಲಿ, ಒಂದು ಗಾಜಿನ ಪೆಟ್ಟಿಗೆಯ ಮುಂದೆ, ಮಾತು ಮರೆತು ನಿಂತುಬಿಟ್ಟಳು.

ಪೆಟ್ಟಿಗೆಯೊಳಗೆ ಅವಳ ಮೊಮ್ಮಗಳಿದ್ದಳು. ಕಡೂರಿಗೆ ಕೊಟ್ಟಿದ್ದ ಮಗಳು ಮಲ್ಲಿಕಾಂಬ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸೀಮಂತದ ಹಸಿರು ಬಳೆಯ ಹೊಳಪು ಮಾಸುವ ಮೊದಲೇ, ಏಳು ತಿಂಗಳಿಗೆ, ನೋವು ಕಾಣಿಸಿಕೊಂಡಿತು. ಹುಟ್ಟಿದ ಕೂಸಿನ ತೂಕ ಒಂದು ಕಿಲೋ ನೂರು ಗ್ರಾಂ. ಅಂಗೈ ಗುರುಶಾಂತಮ್ಮನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ತೆಳು ಚರ್ಮದ ಕೆಳಗೆ ನೀಲಿ ನರಗಳು ಕಾಣುತ್ತಿದ್ದವು. ಒಂದು ರಬ್ಬರ್ ಕೊಳವೆ ಪೆಟ್ಟಿಗೆಯೊಳಕ್ಕೆ ಸದ್ದಿಲ್ಲದೆ ಗಾಳಿ ಬಿಡುತ್ತಿತ್ತು. ಅದು ಆಕ್ಸಿಜನ್, ಮಗು ಉಸಿರಾಡುತ್ತಿರುವುದೇ ಅದರಿಂದ ಎಂದು ನರ್ಸ್ ಹೇಳಿದಳು. ಕಣ್ಣಿಗೆ ಕಾಣದ ಗಾಳಿಯೊಂದು ಜೀವ ಹಿಡಿದು ನಿಲ್ಲಿಸಿದ್ದನ್ನು ನೋಡಿ ಗುರುಶಾಂತಮ್ಮ ಎರಡೂ ಕೈ ಎತ್ತಿ ಆ ಕೊಳವೆಗೆ ಮುಗಿದಳು.

ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದು ಅವರ ಮನೆತನದ ಪದ್ಧತಿ. ಪೆಟ್ಟಿಗೆಯೊಳಗೆ ಏನನ್ನೂ ಇಡಕೂಡದೆಂದು ನರ್ಸ್ ಗದರಿದಳು. ಗುರುಶಾಂತಮ್ಮ ಸೋಲುವವಳೇ? ಮಠದ ಅಯ್ಯನವರು ಕೊಟ್ಟ ಪುಟ್ಟ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಕಾಲಿಗೇ ಕಟ್ಟಿದಳು. ಇಪ್ಪತ್ತೆರಡು ದಿನ ಒಳಗೆ ಗಾಳಿ ಕಾಯಿತು, ಹೊರಗೆ ಶಿವ ಕಾದ. ಇಪ್ಪತ್ಮೂರನೆಯ ದಿನ ಕೂಸಿನ ಉಸಿರು ಕೊಳವೆಯ ಹಂಗು ಬಿಟ್ಟಿತು. ಮತ್ತೆರಡು ವಾರಕ್ಕೆ ಅದನ್ನು ಹತ್ತಿಯಲ್ಲಿ ಸುತ್ತಿ ಮನೆಗೆ ತಂದರು.

ಏಳಕ್ಕೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎನ್ನುವುದು ಹುಲಿಯಮ್ಮನ ಲೆಕ್ಕ. ಆದರೆ ಉಳಿಯಬೇಕಾದರೆ ಮಿಕ್ಕ ದಿನಗಳನ್ನು ಕತ್ತಲೆಯಲ್ಲೇ ತುಂಬಿಸಿಕೊಡಬೇಕು, ಹೊಟ್ಟೆಯೊಳಗೆ ದೀಪವಿರುತ್ತದೆಯೇ ಎಂದು ಅವಳು ಕೇಳಿದಳು. ಗುರುಶಾಂತಮ್ಮ ಅವಳ ಮಾತಿಗೆ ತಲೆಯಾಡಿಸಿದ್ದು ಬಹುಶಃ ಅದೊಂದೇ ಸಲ. ಬಾಣಂತಿ ಕೋಣೆಗೆ ಇದ್ದುದೇ ಒಂದು ಕಿಟಕಿ. ಅದಕ್ಕೆ ಕರಿ ಕಂಬಳಿ ಬಿಗಿದು ಕಟ್ಟಿದಳು. ಒಂಬತ್ತು ತಿಂಗಳು ತುಂಬಿ ಮೇಲೊಂದಿಷ್ಟು ದಿನ ಕಳೆಯುವವರೆಗೆ, ಸುಮಾರು ಎರಡು ತಿಂಗಳು, ಕೂಸಿಗೆ ಬೆಳಕು ತೋರಿಸಲಿಲ್ಲ. ಮಲ್ಲಿಕಾಂಬ ತಡಕಾಡುತ್ತಲೇ ಹಾಲೂಡಿದಳು.

ದಿನ ತುಂಬಿದ ಮೇಲೆ ಶಾಂಭವಿ ಎಂದು ಹೆಸರಿಟ್ಟು, ಕೂಸನ್ನು ಅಂಗಳಕ್ಕೆ ತಂದು ಸೂರ್ಯನಿಗೆ ತೋರಿಸಿದರು. ಎರಡು ತಿಂಗಳು ಕತ್ತಲೆಯಲ್ಲಿದ್ದ ಕೂಸು ಬಿಸಿಲು ಬಿದ್ದೊಡನೆ ಕಣ್ಣು ಕಿವುಚಿ ಕಿರುಚುತ್ತದೆ ಎಂದು ಎಲ್ಲರೂ ಕಾದರು. ಶಾಂಭವಿ ರೆಪ್ಪೆ ಬಡಿಯಲಿಲ್ಲ. ಅಗಲವಾಗಿ ಕಣ್ಣು ತೆರೆದುಕೊಂಡು, ಮುಖ ಮೇಲೆತ್ತಿ ಸುಮ್ಮನಿದ್ದಳು.

“ನೋಡ್ರೇ, ಸೂರ್ಯನ್ನೇ ದಿಟ್ಟಿಸಿ ನೋಡ್ತೈತೆ,” ಎಂದಳು ಹುಲಿಯಮ್ಮ. “ಇದು ಬರೀ ಕೂಸಲ್ಲ ಕಣ್ರೇ.”

ಸುದ್ದಿ ಊರೆಲ್ಲ ಹಬ್ಬಿತು. ಹೆಂಗಸರು ಬಂದು ಕೂಸಿನ ಪಾದ ಮುಟ್ಟಿ ಹೋದರು. ಗುರುಶಾಂತಮ್ಮನ ಹೆಮ್ಮೆಯನ್ನು ಕೇಳುವುದೇ ಬೇಡ, ಕಡೂರಿನ ಬೀಗರ ಮನೆಗೂ ಹೇಳಿ ಕಳಿಸಿದಳು. ಆದರೆ ಐದು ಹೆತ್ತವಳಿಗೆ ಕೂಸುಗಳ ಕಣ್ಣು ಗೊತ್ತಿತ್ತು. ಅವತ್ತು ಅಂಗಳದಲ್ಲೇ ಅವಳ ಎದೆಯಲ್ಲಿ ಏನೋ ಚುರುಕ್ಕೆಂದಿತ್ತು. ಹೆಮ್ಮೆಯನ್ನು ಅದರ ಮೇಲೆ ಹೇರಿ ಅದುಮಿಟ್ಟಳು, ಅಷ್ಟೆ. ಅದು ಅವಳು ಮಾಡಿದ ತಪ್ಪು.

ಆರು ತಿಂಗಳಾಯಿತು. ಶಾಂಭವಿ ದನಿ ಬಂದ ಕಡೆ ನಗುತ್ತಿದ್ದಳು, ಮುಖ ನೋಡಿ ನಗುತ್ತಿರಲಿಲ್ಲ. ದಿನ ತುಂಬದೆ ಹುಟ್ಟಿದ್ದಕ್ಕೆ ಎಲ್ಲ ನಿಧಾನ ಎಂದು ಸಮಾಧಾನ ಮಾಡಿಕೊಂಡರು. ಎಂಟು ತಿಂಗಳಿಗೆ ಕಣ್ಣಿನ ಪಾಪೆಯಲ್ಲಿ ಹಾಲಿನ ತೊಟ್ಟಿನಂಥ ಬಿಳುಪು ಕಂಡಿತು. ಆಮೇಲೆ ಸಮಾಧಾನಕ್ಕೆ ಮಾತು ಸಿಗಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿದ ಕೈಗಳನ್ನು ಗುರುಶಾಂತಮ್ಮ ಒಬ್ಬಳೇ ಕೂತು ನೋಡಿಕೊಳ್ಳತೊಡಗಿದಳು. ಬಾಯಿ ಬಿಟ್ಟು ಮಾತ್ರ ಮಗಳಿಗೆ ಏನನ್ನೂ ಹೇಳಲಿಲ್ಲ. ಅಷ್ಟು ಮಾತಿನ ಹೆಂಗಸಿಗೆ ಆ ಒಂದು ಮಾತು ಗಂಟಲಲ್ಲೇ ನಿಂತಿತ್ತು.

ಮರುವರ್ಷ ತರೀಕೆರೆಯ ಒಂದು ಛತ್ರದಲ್ಲಿ ಕಣ್ಣಿನ ಕ್ಯಾಂಪ್ ನಡೆಯಿತು. ಪೊರೆ ತೆಗೆಸಿಕೊಳ್ಳಲು ಬಂದ ಮುದುಕ ಮುದುಕಿಯರ ಸಾಲಿನಲ್ಲಿ ತಾಯಿ ಮಗಳು ಶಾಂಭವಿಯನ್ನು ಎತ್ತಿಕೊಂಡು ನಿಂತರು. ಬೆಂಗಳೂರಿನಿಂದ ಬಂದಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಹಣೆಗೆ ದೀಪ ಕಟ್ಟಿಕೊಂಡು, ಅಳುತ್ತಿದ್ದ ಮಗುವಿನ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಎಷ್ಟು ತಿಂಗಳಿಗೆ ಹುಟ್ಟಿದ್ದು, ಎಷ್ಟು ದಿನ ಆಕ್ಸಿಜನ್ ಕೊಟ್ಟರು ಎಂದಷ್ಟೇ ಕೇಳಿದಳು. ಆಮೇಲೆ ದೀಪ ಬಿಚ್ಚಿಟ್ಟು, ಇಬ್ಬರನ್ನೂ ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದಳು. ಎಡಗಣ್ಣು ಹೋಗಿದೆ. ಬಲಗಣ್ಣಿನ ಒಂದು ಅಂಚಿನಲ್ಲಿ ಒಂದಿಷ್ಟು ಉಳಿದ ಹಾಗಿದೆ, ಅದಕ್ಕೆ ಬೆಳಕು ಗೊತ್ತಾಗುತ್ತದೋ ಇಲ್ಲವೋ ಈ ಗದ್ದಲದಲ್ಲಿ ತಿಳಿಯುತ್ತಿಲ್ಲ. ಮನೆಯಲ್ಲಿ ಮಗು ಉಂಡು ಸಮಾಧಾನವಾಗಿರುವಾಗ ಕತ್ತಲೆ ಕೋಣೆಯಲ್ಲಿ ಒಂದೇ ಒಂದು ದೀಪ ಇಟ್ಟು ನೋಡಬೇಕು.

ಕತ್ತಲೆ ಕೋಣೆ ಎಂದದ್ದೇ ತಡ, ಗುರುಶಾಂತಮ್ಮನ ಗಂಟಲಲ್ಲಿದ್ದುದು ಹೊರಗೆ ಬಿತ್ತು.

“ನಾನೇ ಕಣವ್ವ ಕೂಡಾಕಿದ್ದು. ಎರಡು ತಿಂಗ್ಳು ಕಿಟಕಿಗೆ ಕಂಬಳಿ ಕಟ್ಟಿದ್ದೆ. ಬೆಳಕೇ ಕಾಣ್ದೆ ಆ ಕಣ್ಣು ನೋಡೋದನ್ನೇ ಮರ್ತ್‌ಬಿಡ್ತಾ?”

ಮಲ್ಲಿಕಾಂಬ ತಾಯಿಯ ಕಡೆ ತಿರುಗಿದಳು. ಅವಳ ಮನಸ್ಸಿನಲ್ಲೂ ಇಷ್ಟು ದಿನ ಅದೇ ಪ್ರಶ್ನೆ ಕೊರೆಯುತ್ತಿತ್ತೆಂದು ಆ ಮುಖದಲ್ಲೇ ಬರೆದಿತ್ತು.

“ಇಲ್ಲಮ್ಮ,” ಎಂದಳು ಡಾಕ್ಟರಮ್ಮ. “ಕಂಬಳಿಯಿಂದ ಆದದ್ದಲ್ಲ. ನೀವು ಕಣ್ಣಿಗೆ ಹಚ್ಚಿದ ಕಾಡಿಗೆಯಿಂದಲೂ ಅಲ್ಲ. ನೀವು ಮಾಡಿದ್ದು ಏನೂ ಇಲ್ಲ.”

ಆಮೇಲೆ ಅವಳು ವಿವರಿಸಿದ್ದನ್ನು ಗುರುಶಾಂತಮ್ಮ ಬಾಯಿ ತೆರೆದು ಕೇಳಿದಳು. ಕಣ್ಣಿನ ಹಿಂದೆ ಒಂದು ಪರದೆ ಇರುತ್ತದೆ. ಕೂದಲಿಗಿಂತ ಸಣ್ಣ ರಕ್ತನಾಳಗಳು ಅದರ ನಡುವಿನಿಂದ ಹೊರಟು ದಿನಕ್ಕಿಷ್ಟಿಷ್ಟೇ ಬೆಳೆದು, ಅಂಚು ಮುಟ್ಟುವ ಹೊತ್ತಿಗೆ ಒಂಬತ್ತು ತಿಂಗಳಾಗುತ್ತದೆ. ಏಳಕ್ಕೆ ಹುಟ್ಟಿದ ಮಗುವಿನಲ್ಲಿ ಅವು ಅರ್ಧ ದಾರಿಯಲ್ಲಿರುತ್ತವೆ. ಆಕ್ಸಿಜನ್ ಹೆಚ್ಚಾದರೆ ಅಲ್ಲೇ ನಿಂತು, ಆಮೇಲೆ ದಿಕ್ಕುಗೆಟ್ಟು ಬೆಳೆದು, ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ಆ ಗಾಳಿ ಇಲ್ಲದಿದ್ದರೆ ಮಗುವೇ ಇರುತ್ತಿರಲಿಲ್ಲ. ಎಷ್ಟು ಕೊಟ್ಟರೆ ಜೀವಕ್ಕೆ ಸಾಕು, ಎಷ್ಟಾದರೆ ಕಣ್ಣಿಗೆ ಹೆಚ್ಚು ಎಂದು ಅಳೆಯುವ ಯಂತ್ರ ನಮ್ಮ ಕಡೆ ಹೆಚ್ಚಿನ ಆಸ್ಪತ್ರೆಗಳಲ್ಲಿಲ್ಲ. ಮೊದಲೇ ತಂದಿದ್ದರೆ ಎಂದು ಮಲ್ಲಿಕಾಂಬ ಮೆಲ್ಲಗೆ ಕೇಳಿದಳು. ತಂದಿದ್ದರೂ ತನ್ನ ಕೈಯಲ್ಲಿ ಮದ್ದಿರಲಿಲ್ಲ ಎಂದು ಡಾಕ್ಟರಮ್ಮ ತಲೆ ತಗ್ಗಿಸಿದಳು.

ಬಸ್ಸಿನಲ್ಲಿ ಗುರುಶಾಂತಮ್ಮ ಅಜ್ಜಂಪುರ ಬರುವವರೆಗೂ ಅದನ್ನೇ ಮನಸ್ಸಿನಲ್ಲಿ ತಿರುವಿ ಹಾಕಿದಳು. ನೇಯ್ದು ಮುಗಿಯುವ ಮೊದಲೇ ಮಗ್ಗದಿಂದ ಬಿಚ್ಚಿದ ಕಂಬಳಿಯ ಅಂಚು ಹೇಗೆ ಸಿಕ್ಕುಸಿಕ್ಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದುದು ಕಣ್ಣೂ ಹಾಗೆಯೇ ಎಂಬುದು. ಅವಳು ಐದು ಹೆತ್ತಿದ್ದಳು. ಅವಳು ರಾಗಿ ಬೀಸುವಾಗ, ಓರಗಿತ್ತಿಯ ಮೇಲೆ ಜಗಳಕ್ಕೆ ಹೋಗುವಾಗ, ಮಲಗಿ ಗೊರಕೆ ಹೊಡೆಯುವಾಗಲೂ ಅವಳೊಳಗೆ ಐದು ಜೊತೆ ಕಣ್ಣು ಎಳೆಎಳೆಯಾಗಿ ನೇಯ್ದುಕೊಂಡಿದ್ದವು. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಕಾದಿರಲಿಲ್ಲ. ಹತ್ತು ಕಣ್ಣುಗಳಲ್ಲಿ ಒಂದೂ ದಾರಿ ತಪ್ಪಿರಲಿಲ್ಲ. ಬಸ್ಸಿನಲ್ಲಿ ಕೂತವರ ಕಣ್ಣುಗಳನ್ನು ಅವಳು ಒಬ್ಬೊಬ್ಬರದಾಗಿ ನೋಡಿದಳು. ಕಂಡಕ್ಟರನ ಕಣ್ಣನ್ನು ಎಷ್ಟು ಹೊತ್ತು ನೋಡಿದಳೆಂದರೆ ಅವನು ಗಾಬರಿಯಾಗಿ ಟಿಕೆಟ್ ಚೀಲವನ್ನು ಇನ್ನೊಂದು ಸಲ ನೋಡಿಕೊಂಡ. ಇಷ್ಟು ದೊಡ್ಡ ಕೆಲಸ ಇಷ್ಟು ಜನರಲ್ಲಿ ಇಷ್ಟು ಸುಮ್ಮನೆ ನಡೆದುಹೋಗಿದೆಯಲ್ಲ ಎಂದು ಅವಳ ಮೈ ಜುಮ್ಮೆಂದಿತು. ತೊಡೆಯ ಮೇಲೆ ಶಾಂಭವಿ ನಿದ್ದೆ ಹೋಗಿದ್ದಳು.

ಮಾರನೆಯ ಮಧ್ಯಾಹ್ನ ಗುರುಶಾಂತಮ್ಮ ಅಟ್ಟದಿಂದ ಅದೇ ಕರಿ ಕಂಬಳಿ ಇಳಿಸಿದಳು. ಮಲ್ಲಿಕಾಂಬನಿಗೆ ಅದನ್ನು ಕಂಡೊಡನೆ ಸಿಟ್ಟೇ ಬಂತು.

“ಮತ್ತೆ ಅದನ್ನ ಯಾಕ್ ತಂದೆ ಅವ್ವ? ಸಾಕಾಗಿಲ್ವ ನಿಂಗೆ?”

“ಸುಮ್ಕಿರು. ಕತ್ಲೆ ಇಲ್ದೆ ಬೆಳಕು ಹೆಂಗ್ ಗೊತ್ತಾಗ್ಬೇಕು ಅದ್ಕೆ?”

ಹಾಡಹಗಲೇ ಕಿಟಕಿ ಮುಚ್ಚಿ, ಶಾಂಭವಿಯನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಎಣ್ಣೆ ದೀಪ ಹಚ್ಚಿ ಹಿಡಿದಳು. ಮಗು ತಿರುಗಲಿಲ್ಲ. ಎರಡನೆಯ ದಿನ ಅತ್ತಿತು. ಮೂರನೆಯ ದಿನ ನಿದ್ದೆ ಹೋಯಿತು. ನಾಲ್ಕನೆಯ ದಿನ ಕಡೂರಿನಿಂದ ಬಂದ ಅಳಿಯ ತೀರ್ಥಪ್ಪ ಬಾಗಿಲಲ್ಲಿ ನಿಂತು ನೋಡಿ, ಅಂಗಳಕ್ಕೆ ಹೋಗಿ ಕೂತ. ಗುರುಶಾಂತಮ್ಮ ಬಿಡಲಿಲ್ಲ. ಹಟದಲ್ಲಿ ಅವಳನ್ನು ಮೀರಿಸುವವರು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆರನೆಯ ದಿನ ದೀಪವನ್ನು ಎದುರಿಗೆ ಹಿಡಿಯದೆ, ಬಲಗಡೆ ಕಿವಿಯ ನೇರಕ್ಕೆ, ಒಂದು ಮೊಳ ದೂರದಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ತಂದಳು. ಶಾಂಭವಿಯ ಆಟದ ಕೈ ನಿಂತಿತು. ತಲೆ ಬಲಕ್ಕೆ ವಾಲಿತು. ಗುರುಶಾಂತಮ್ಮ ದೀಪಕ್ಕೆ ಮೊರ ಅಡ್ಡ ಹಿಡಿದಳು, ತಲೆ ಸುಮ್ಮನಾಯಿತು. ಮೊರ ತೆಗೆದಳು, ಮತ್ತೆ ವಾಲಿತು.

“ಎಣ್ಣೆ ವಾಸ್ನೆ ಇರ್ಬೇಕು ಅವ್ವ,” ಎಂದಳು ಮಲ್ಲಿಕಾಂಬ. ಆಸೆ ಇಟ್ಟುಕೊಳ್ಳಲು ಅವಳಿಗೆ ಭಯ.

ಅಳಿಯನ ಬ್ಯಾಟರಿ ತರಿಸಿದರು. ಅದಕ್ಕೆ ವಾಸನೆಯಿಲ್ಲ, ಬಿಸಿಯಿಲ್ಲ. ಗುರುಶಾಂತಮ್ಮ ಅದನ್ನು ಮೊದಲೇ ಹೊತ್ತಿಸಿ ಸೆರಗಿನ ಮಡಿಕೆಯಲ್ಲಿ ಸುತ್ತಿಕೊಂಡು ಬಂದು, ಬಲಗಡೆ ಸದ್ದಿಲ್ಲದೆ ಬಿಚ್ಚಿದಳು. ಶಾಂಭವಿ ತಿರುಗಿದಳು. ಬಾಗಿಲಲ್ಲಿದ್ದ ತೀರ್ಥಪ್ಪ ಹೊಸ್ತಿಲು ದಾಟಿ ಒಳಗೆ ಬಂದ. ಮಲ್ಲಿಕಾಂಬ ಬಿಕ್ಕಿ ಬಿಕ್ಕಿ ಅತ್ತಳು. ಒಂದು ಕಣ್ಣಿನ ಒಂದು ಅಂಚು, ಅಕ್ಕಿ ಕಾಳಿನಷ್ಟು ಜಾಗ, ದಾರಿ ತಪ್ಪಿದ ಎಳೆಗಳ ನಡುವೆ ಹೇಗೋ ಉಳಿದುಕೊಂಡು, ಇಷ್ಟು ದಿನ ಯಾರಾದರೂ ಕರೆಯಲಿ ಎಂದು ಕಾದಿತ್ತು. ಗುರುಶಾಂತಮ್ಮನಿಗೆ ಅವತ್ತು ಆಸ್ಪತ್ರೆಯಲ್ಲಿ ಆದಂತೆಯೇ ಮಾತು ನಿಂತುಹೋಯಿತು.

ಆ ಗಲಾಟೆಯಲ್ಲಿ ನೆಲದ ಮೇಲಿಟ್ಟಿದ್ದ ಎಣ್ಣೆ ದೀಪವನ್ನು ಎಲ್ಲರೂ ಮರೆತಿದ್ದರು. ಶಾಂಭವಿ ಮರೆತಿರಲಿಲ್ಲ. ತಾಯಿಯ ತೊಡೆಯಿಂದ ಜಾರಿ, ತಲೆಯನ್ನು ಓರೆ ಮಾಡಿಕೊಂಡು, ಬಲಗೈ ಚಾಚಿ ಕುಡಿಗೆ ಕೈ ಹಾಕಲು ಹೋದಳು.

“ಲೇ, ಮುಟ್ಬೇಡ, ಸುಡ್ತೈತೆ ಕಣೇ!”

ಗದರಿ ದೀಪ ಹಿಂದಕ್ಕೆಳೆದುಕೊಂಡ ಮೇಲೆ ಗುರುಶಾಂತಮ್ಮನಿಗೆ ತಾನೇನು ಹೇಳಿದೆ ಎಂಬುದು ಕೇಳಿಸಿತು. ತನ್ನ ಐದು ಮಕ್ಕಳಿಗೂ ದಿನಕ್ಕೆ ಹತ್ತು ಸಲ ಹೇಳಿ ಬೇಸತ್ತಿದ್ದ ಮಾತು ಅದು. ಈ ಕೂಸಿಗೆ ಅದನ್ನು ಹೇಳುವ ಸಂದರ್ಭ ಒಂದು ದಿನವೂ ಬಂದಿರಲಿಲ್ಲ. ಅವಳು ದೀಪವನ್ನು ಮತ್ತೆ ಸ್ವಲ್ಪ ಮುಂದಕ್ಕೆ ಸರಿಸಿದಳು, ಆ ಪುಟ್ಟ ಕೈ ಮತ್ತೆ ಬರಲಿ ಎಂದು.