ದೋಣಿ ನಿಲ್ದಾಣದ ಗೋಡೆ

ಆ ದ್ವೀಪದ ದೋಣಿ ನಿಲ್ದಾಣದ ಗೋಡೆಗೆ ಗಾರೆಯೂ ಇಲ್ಲ, ಬಣ್ಣವೂ ಇಲ್ಲ. ಸೆಂಟ್ರಿಂಗ್ ಹಲಗೆ ಬಿಚ್ಚಿದಾಗ ಏನು ಕಾಣುತ್ತದೋ ಅದೇ ಅದರ ಮುಖ. ಹಾಗಾಗಿ ಒಂದು ಗೋಡೆಗೆ ಕಾಂಕ್ರೀಟನ್ನು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ತುಂಬಿಸಬೇಕು. ನಿಲ್ಲಿಸಿದ ಕಡೆ ಹಾವು ಹರಿದಂಥ ಗೆರೆ ಬೀಳುತ್ತದೆ. ಚಿಗುಸಾ ತಾನೇ ಹೊಣೆ ಹೊತ್ತು ನಡೆಸುತ್ತಿದ್ದ ಮೊದಲ ಕಟ್ಟಡ ಇದು. ಗೆರೆ ಬಿದ್ದರೆ ಮತ್ತೆ ತಾಕಾಮಾತ್ಸು ನಗರದ ಕಚೇರಿಯ ಕುರ್ಚಿಯೇ ಗತಿ ಎಂದು ಮುಖ್ಯಸ್ಥ ಕುಸಾಕಾ ಮೊದಲೇ ಹೇಳಿದ್ದರು.

ಗೋಡೆ ತುಂಬಲು ಇನ್ನೊಂದು ಮೊಳ ಬಾಕಿಯಿತ್ತು. ಕೊನೆಯ ಮಿಕ್ಸರ್ ಲಾರಿ ಹೊತ್ತ ದೋಣಿ ಮಂಜಿಗೆ ಸಿಕ್ಕಿ ತೀರಾ ತಡವಾಗಿ ಬಂತು. ಚಿಗುಸಾ ಒಂದಿಷ್ಟು ಕಾಂಕ್ರೀಟನ್ನು ತಗಡಿನ ಅಳತೆಗೊಳವೆಗೆ ತುಂಬಿ, ಕೊಳವೆ ಎತ್ತಿ ನೋಡಿದಳು. ಮೆತ್ತಗೆ ಕುಸಿಯಬೇಕಾದ ಗುಡ್ಡೆ ಸೆಟೆದು ನಿಂತಿತ್ತು; ದಾರಿಯಲ್ಲೇ ಗಟ್ಟಿಯಾಗತೊಡಗಿತ್ತು.

"ಎರಡು ಬಕೆಟ್ ನೀರು ಹುಯ್ದ್ರೆ ಗಂಜಿ ಥರ ಹರಿಯುತ್ತೆ ಮೇಸ್ತ್ರಿಯಮ್ಮ," ಎಂದ ಕಾಂಕ್ರೀಟ್ ಪಂಪ್ ನಡೆಸುವ ತತ್ಸುಮಿ. "ಯಾರು ನೋಡ್ತಾರೆ?"

"ನಾನ್ ನೋಡ್ತಿದೀನಲ್ಲ ಅಣ್ಣ, ಕಣ್ಣಿಗೆ ಕಾಣ್ತಿಲ್ವಾ? ನೀರು ಹುಯ್ದ್ರೆ ಗೋಡೆಗೆ ಬಲ ಇರಲ್ಲ. ಲಾರಿ ವಾಪಸ್ ಹೋಗ್ಲಿ."

"ಗೆರೆ ಬೀಳುತ್ತೆ. ಕುಸಾಕಾ ನಿಮ್ಮನ್ನ ಹುರಿದು ಮುಕ್ತಾರೆ."

"ಬೀಳ್ಲಿ. ಎಲ್ಲಿ ಬೀಳ್ಬೇಕು ಅಂತ ನಾನ್ ಹೇಳ್ತೀನಿ."

ಅವಳೇ ಅಟ್ಟಣಿಗೆ ಹತ್ತಿದಳು. ತುಂಬಿದ ಕಾಂಕ್ರೀಟನ್ನು ಮಟ್ಟ ಮಾಡಿಸಿ, ಕಂಬಿಗೂ ಹಲಗೆಗೂ ನಡುವೆ ತೋಳು ಇಳಿಬಿಟ್ಟು, ಕಾಂಕ್ರೀಟಿನ ಮೇಲಂಚಿಗೆ ಸರಿಯಾಗಿ ಹಲಗೆಯ ಒಳಮೈಗೆ ಮರದ ಪಟ್ಟಿ ಒತ್ತಿ ಹಿಡಿದಳು. ಹೊರಗಿನಿಂದ ಬಡಗಿ ಸ್ಕ್ರೂ ಬಿಗಿದ. ಈ ತುದಿಯಿಂದ ಆ ತುದಿವರೆಗೆ, ಗೋಡೆಯ ಎರಡೂ ಮೈಗೆ. ಕಂಬಿ ತರಚಿ ಮೊಣಕೈ ಉರಿಯಿತು. ಉಳಿದ ಮೊಳವನ್ನು ಮಾರನೇ ದಿನ ಹೊಸ ಲಾರಿಯಿಂದ ತುಂಬಿಸಿದಳು.

ಹಲಗೆ ಬಿಚ್ಚುವ ದಿನ ಕುಸಾಕಾ ಬಂದರು. ಪಟ್ಟಿ ಕಿತ್ತ ಜಾಗದಲ್ಲಿ ಗೋಡೆಯ ಉದ್ದಕ್ಕೂ ಬೆರಳಗಲದ ಕಾಲುವೆ, ದಾರ ಹಿಡಿದಷ್ಟು ನೇರ. ಎರಡು ದಿನದ ಕಾಂಕ್ರೀಟ್ ಕೂಡಿದ ಗುರುತು ಅದರೊಳಗೇ ಅಡಗಿಹೋಗಿತ್ತು. ಕುಸಾಕಾ ಅದರಲ್ಲಿ ಉಗುರು ಆಡಿಸುತ್ತಾ ಗೋಡೆಯ ಕೊನೆವರೆಗೂ ನಡೆದರು.

"ನಕ್ಷೇಲಿ ಇದಿತ್ತಾ?"

"ಇರ್ಲಿಲ್ಲ ಸಾರ್. ಲಾರಿ ತಡವಾಯ್ತು, ವಾಪಸ್ ಕಳಿಸ್ದೆ. ಇದು ನಾನ್ ಹಾಕ್ಸಿದ್ದು."

ತತ್ಸುಮಿ ಕೆಮ್ಮಿದ.

"ಮಿಕ್ಕ ಮೂರು ಗೋಡೆ ಬೋಳಾಗೇ ಇರ್ತಾವಾ? ಇದೊಂದಕ್ಕೇ ಗೆರೆನಾ?" ಕುಸಾಕಾ ಕೇಳಿದರು.

"ಅವನ್ನಿನ್ನೂ ತುಂಬಿಲ್ಲ, ಹಲಗೆಗೆ ಪಟ್ಟಿ ಹೊಡ್ಸಾಯ್ತು ಸಾರ್. ಅದೇ ಎತ್ತರಕ್ಕೆ."

"ನನ್ನ ಕೇಳ್ದೇನೇ?"

"ನೀವು ನೋಡಿದ್ಮೇಲೆ ಕೇಳೋಣ ಅಂತ."

ಕುಸಾಕಾ ಅವಳ ಮುಖವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಆಮೇಲೆ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ನಕ್ಷೆ ಬರೆದೋನಿಗೆ ನಾನ್ ಹೇಳ್ಕೋತೀನಿ. ಮಧ್ಯಾಹ್ನದ ದೋಣಿಗೆ ಹೊರಡ್ತೀನಿ. ನಾನಿಲ್ಲಿ ಇದ್ದು ಮಾಡೋದೇನಿದೆ?"