ಹೆಚ್ಚಾದ ಒಂದು ಎಚ್

ನಿಕಿತಾ ಕೆಲಸ ಬಿಡುವ ಮುಂಚೆ ಏನೋ ಕೈಚಳಕ ಮಾಡಿಟ್ಟಿದ್ದಾಳೆಂದು ನನಗೆ ಸೋಮವಾರವೇ ಅನ್ನಿಸಿತ್ತು. ರಾಜೀನಾಮೆ ಕೊಟ್ಟು ಕೊನೆಯ ದಿನ ಎಣಿಸುತ್ತಿರುವವರನ್ನು ನಾನು ನಂಬುವುದಿಲ್ಲ. ನಮ್ಮದು ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಸಣ್ಣ ಸಾಫ್ಟ್‌ವೇರ್ ಕಂಪನಿ; ಕೋಪರಖೈರಣೆಯ ಒಂದು ಲ್ಯಾಬಿಗೆ ಆ್ಯಪ್ ಮಾಡಿಕೊಟ್ಟಿದ್ದೇವೆ. ರಕ್ತಪರೀಕ್ಷೆಯ ರಿಪೋರ್ಟ್ ತಯಾರಾದೊಡನೆ ನಾನು ಬರೆದ ಕೋಡ್ ‘ಬಂತು’ ಎಂಬ ಹೆಸರಿನ ಈವೆಂಟ್ ಕಳಿಸಬೇಕು, ಅಂದರೆ ಒಂದು ಕೂಗು ಹಾಕಬೇಕು. ಹಿಂದೆ ಕಾದು ಕೂತಿರುವ ನಿಕಿತಾಳ ಫಂಕ್ಷನ್, ಅಂದರೆ ಅವಳು ಬರೆದ ಕೋಡಿನ ತುಣುಕು, ಅದನ್ನು ಕೇಳಿಸಿಕೊಂಡು ರೋಗಿಯ ಮೊಬೈಲಿಗೆ ಮೆಸೇಜ್ ಮಾಡಬೇಕು. ಕೂಗಿದ ಕೋಡ್ ಉತ್ತರಕ್ಕೆ ಕಾಯುವುದಿಲ್ಲ, ತನ್ನ ಮುಂದಿನ ಕೆಲಸಕ್ಕೆ ಹೋಗುತ್ತದೆ.

ಮೂರು ದಿನದಿಂದ ಒಬ್ಬರಿಗೂ ಮೆಸೇಜ್ ಹೋಗಿರಲಿಲ್ಲ. ನನ್ನ ಕಡೆ ಪ್ರತಿ ಸಾಲಿನಲ್ಲೂ ‘ಕಳಿಸಿದೆ’ ಎಂದು ಹಸಿರು ಗುರುತು. ಅವಳ ಫಂಕ್ಷನ್ ಮಾತ್ರ ಒಂದು ಸಲವೂ ಓಡಿಲ್ಲ. ಅಲ್ಲಿಗೆ ಕಳ್ಳಿ ಯಾರೆಂದು ಗೊತ್ತಾಯಿತಲ್ಲ! ಅವಳು ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ಪಿಸುಗುಟ್ಟುವುದು, ನಾನು ಹತ್ತಿರ ಹೋದರೆ ಗಪ್‌ಚಿಪ್ ಆಗುವುದು, ಎಲ್ಲಕ್ಕೂ ಅರ್ಥ ಸಿಕ್ಕಿತು. ಬುಧವಾರ ಮಧ್ಯಾಹ್ನ ನಮ್ಮ ಬಾಸ್ ರಿತೇಶ್ ಸರ್‌ಗೆ ಮೇಲ್ ಹಾಕಿದೆ: ತನಿಖೆ ಮುಗಿಯುವ ತನಕ ಅವಳಿಗೆ ರಿಲೀವಿಂಗ್ ಲೆಟರ್ ಕೊಡಬೇಡಿ. ಆ ಪತ್ರವಿಲ್ಲದೆ ಹೊಸ ಕಂಪನಿ ಅವಳನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಗೊತ್ತಿದ್ದೇ ಹಾಕಿದೆ.

ಸಂಜೆ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ನಿನ್ನ ಫಂಕ್ಷನ್ ಯಾಕೆ ಓಡುದಿಲ್ಲ? ನೀನೇ ಹೇಳು."

ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು; ಕನ್ನಡ ತಿಳಿಯುತ್ತದೆ, ಮಾತು ಅರ್ಧ ಹಿಂದಿ. ನನ್ನ ಪರದೆ ನೋಡಿ ನಕ್ಕುಬಿಟ್ಟಳು. "ಅಕ್ಕ, ‘ಬಂತು’ದಲ್ಲಿ ಎಚ್ ಕಹಾಂ ಸೆ ಆಯಾ? ಎಲ್ಲಿಂದ ಬಂತು?"

ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಇಲ್ಲಿ ಹಿಂದಿ ಮಾತಾಡುವವರು ‘ತ’ಕ್ಕೆ ಬರೀ ಟಿ ಹಾಕುತ್ತಾರೆ. ಉಡುಪಿಯ ನನ್ನ ಕೈಗೆ ಟಿ ಪಕ್ಕ ಎಚ್ ಇಲ್ಲದಿದ್ದರೆ ಅದು ‘ತ’ ಅಲ್ಲವೇ ಅಲ್ಲ. ಕಳೆದ ವಾರ ಹೊಸದಾಗಿ ಬರೆದು ಸೋಮವಾರ ಚಾಲೂ ಮಾಡಿದ ಫೈಲಿನಲ್ಲಿ ಹೆಸರನ್ನು ಕಾಪಿ ಮಾಡದೆ ಕೈಯಾರೆ ಟೈಪ್ ಮಾಡಿದ್ದೆ. ಹಾಗೆ ಬರೆದ ಹೆಸರಿಗೆ ಕಿವಿಗೊಡುವವರು ಯಾರೂ ಇಲ್ಲದಿದ್ದರೂ ಕೂಗು ‘ಕಳಿಸಿದೆ’ ಎಂದೇ ದಾಖಲಾಗುತ್ತದೆ.

"ನನ್ನ ಹೆಸರಲ್ಲೂ ನೀವು ಹಮೇಶಾ ಎಚ್ ಹಾಕ್ತೀರಿ," ಎಂದಳು. "ಮೈ ಕಭೀ ಬೋಲಿ ನಹೀಂ. ಒಂದು ಸಲವೂ ಹೇಳ್ಲಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎಚ್ ಅಳಿಸಿದೆ. ಬಾಕಿ ಉಳಿದ ಮೆಸೇಜುಗಳನ್ನು ಕಳಿಸಲು ಅವಳು ಕೂತಳು, ನಾನು ರಿತೇಶ್ ಸರ್ ಕೋಣೆಗೆ ಓಡಿದೆ.

"ಸರ್, ಆ ಮೇಲ್ ಬಿಟ್ಟುಬಿಡಿ. ತಪ್ಪು ನನ್ನದೇ."

"ಬಿಡುದು ಹೇಗೆ ಪ್ರಫುಲ್ಲಾ? ಅವಳ ಹೊಸ ಕಂಪನಿಯವರು ವಿಚಾರಿಸ್ಲಿಕ್ಕೆ ಫೋನ್ ಮಾಡಿದ್ರು. ತನಿಖೆ ಉಂಟು ಅಂತ ಹೇಳಿ ಆಯ್ತಲ್ಲ. ಹಾಗಾದ್ರೆ ನಮಗೆ ಬೇಡ, ಈಗ್ಲೇ ಅವಳಿಗೆ ತಿಳಿಸ್ತೇವೆ ಅಂದ್ರು."

"ಮತ್ತೆ ಫೋನ್ ಮಾಡಿ ಹೇಳಿ ಸರ್."

"ಹೇಳ್ತೇನೆ. ಅವರು ಕೇಳ್ಬೇಕಲ್ಲ?"

ಹೊರಗೆ ಬಂದೆ. ನಿಕಿತಾ ತಲೆಯೆತ್ತಿ, "ಅಕ್ಕ, ಸಬ್ ಕೋ ಗಯಾ! ಎಲ್ಲರಿಗೂ ಹೋಯ್ತು!" ಎಂದು ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಅವಳ ಮೇಜಿನ ಮೇಲಿದ್ದ ಮೊಬೈಲ್ ಗುಂಯ್‌ಗುಡತೊಡಗಿತು. ಪರದೆಯ ಮೇಲೆ ಅವಳ ಹೊಸ ಕಂಪನಿಯ ಹೆಸರು; ನಗುತ್ತಲೇ ಅವಳು ಎತ್ತಿದಳು.